ಹಬ್ಬದ ಸಂತೆಯೂ ಮನೆಯ ಬಾಗಿಲೂ

ಆಧಾರ: ಲೂಕ 2ನೇ ಅಧ್ಯಾಯ, 22ರಿಂದ 24ನೇ ವಚನಗಳು, ರೋಮಾಪುರದವರಿಗೆ 13ನೇ ಅಧ್ಯಾಯ, 8ನೇ ವಚನ.



ಕ್ರಿಸ್ತಜನನದ ಹಬ್ಬವು ಸಮೀಪಿಸಿತು. ಗೋಡೆಗಳಿಗೆ ಸುಣ್ಣ ಬಳಿಯುವದೂ, ಮಕ್ಕಳು ಗೀತಗಳನ್ನು ಕಲಿಯುವದೂ, ತಾಯಂದಿರು ಕರ್ಚಿಕಾಯಿಗೆ ಬೇಕಾದ ಕೊಬ್ಬರಿ ಬೆಲ್ಲಗಳ ಲೆಕ್ಕ ಹಾಕುವದೂ ನಮ್ಮ ಸಭೆಗಳಲ್ಲಿ ಆರಂಭವಾಗಿರುವದು. ಇಂಥ ಸಂತೋಷದ ದಿವಸಗಳಲ್ಲಿ ಉಪದೇಶಿಯು ಸಂತೆಯ ಮಾತನ್ನೂ ಅಂಗಡಿಯ ಮಾತನ್ನೂ ಯಾಕೆ ಎತ್ತುತ್ತಾನೆಂದು ಕೆಲವರು ಕೇಳಿಯಾರು. ಆದರೆ ನಮ್ಮ ಭಕ್ತಿಯು ದೇವಾಲಯದೊಳಗೆ ಮಾತ್ರ ಪರೀಕ್ಷಿಸಲ್ಪಡುವದಿಲ್ಲ. ಅಂಗಡಿಯ ಕಟ್ಟೆಯ ಮೇಲೆಯೂ ಮನೆಯ ಬಾಗಿಲಲ್ಲಿಯೂ ಅದು ಪರೀಕ್ಷಿಸಲ್ಪಡುವದು. ಇದು ಹೇಗೆಂಬದನ್ನು ಹಳೆಯ ಕಾಲದ ಒಂದು ಮನೆಯ ಸಂಗತಿಯಿಂದ ತಿಳಿಸುವೆನು.

ಬಾಸೆಲ್ ಮಿಶನ್ನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ಕೆಲಸವನ್ನು ಆರಂಭಿಸಿದರು. ಬೆಟಗೇರಿಯು ನೇಕಾರರ ಊರು. ಅದರ ಮಗ್ಗುಲಲ್ಲಿರುವ ಗದಗವು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು. ನನ್ನ ಅಜ್ಜಿಯವರು ಬೆಟಗೇರಿಯ ಒಬ್ಬ ಕ್ರೈಸ್ತ ನೇಕಾರನ ಮಗಳಾಗಿ, 1930ರ ದಶಕದಲ್ಲಿ ಅಲ್ಲಿಯೇ ತಮ್ಮ ಬಾಲ್ಯವನ್ನು ಕಳೆದರು. ಈ ಸಂಗತಿಯನ್ನು ಅವರು ನಮಗೆ ಅನೇಕ ಸಾರಿ ಹೇಳಿದ್ದುಂಟು.

ಮನೆಯು ಎರಡು ಅಂಕಣದ್ದು. ಒಂದರಲ್ಲಿ ಕುಣಿಮಗ್ಗ, ಇನ್ನೊಂದರಲ್ಲಿ ಒಲೆಯೂ ಬೀಸುವ ಕಲ್ಲೂ. ಕೋಳಿ ಕೂಗುವದಕ್ಕೆ ಮುಂಚೆ ತಾಯಿಯು ಎದ್ದು ಜೋಳ ಬೀಸುವಳು. ಬೆಳಕು ಹರಿಯುತ್ತಲೇ ತಂದೆಯು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತುಕೊಳ್ಳುವನು. ಹುಡುಗಿಯು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತಿ ಕೊಡುವಳು. ಲಾಳಿಯ ಸಪ್ಪಳವೇ ಆ ಮನೆಯ ಗಡಿಯಾರವಾಗಿತ್ತು. ರಾತ್ರಿ ಊಟವಾದ ಮೇಲೆ ಚಿಮಣಿ ಎಣ್ಣೆಯ ದೀಪದ ಬಳಿಯಲ್ಲಿ ತಂದೆಯು ವೇದದಿಂದ ಒಂದು ಅಧ್ಯಾಯವನ್ನು ಓದಿ ಪ್ರಾರ್ಥನೆ ಮಾಡುವನು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನೂರು ಪೈಸೆಯ ಲೆಕ್ಕವು ಬಂದದ್ದು 1957ರಲ್ಲಿ. ಒಂದೊಂದು ಆಣೆಯನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿ ಕಾಪಾಡುವ ಮನೆಯದು. ಹಬ್ಬ ಬಂದರೆ ಗದಗದ ಪೇಟೆಗೆ ನಡೆದು ಹೋಗಿ ಬೆಲ್ಲ, ಕೊಬ್ಬರಿ, ರವೆ, ಮಕ್ಕಳಿಗೆ ಒಂದೊಂದು ಅಂಗಿಯ ಅರಿವೆ, ಹುಡುಗಿಗೆ ಗಾಜಿನ ಬಳೆ, ಇಷ್ಟನ್ನು ಕೈಯಲ್ಲಿದ್ದ ಹಣದಿಂದ ಕೊಂಡು ತರುತ್ತಿದ್ದರು.

ಒಂದು ವರುಷ ನೆರೆಮನೆಯವರ ಮಗನು ರೈಲ್ವೆಯ ನೌಕರಿಯಿಂದ ರಜೆಯ ಮೇಲೆ ಬಂದು ತನ್ನ ಮನೆಯವರೆಲ್ಲರಿಗೂ ಬೆಲೆಯುಳ್ಳ ಬಟ್ಟೆಗಳನ್ನು ತಂದನು. ಅದನ್ನು ಕಂಡ ನೇಕಾರನ ಮನಸ್ಸು ನೊಂದಿತು. ದಿನಾಲು ಪರರಿಗಾಗಿ ಸೀರೆ ನೇಯುವ ನನ್ನ ಹೆಂಡತಿಯು ಹಬ್ಬದ ಆರಾಧನೆಗೆ ತೇಪೆ ಹಾಕಿದ ಸೀರೆಯನ್ನುಟ್ಟು ಹೋಗಬೇಕೋ ಎಂದು ಯೋಚಿಸಿದನು. ಇದರಲ್ಲಿ ಪ್ರೀತಿಯೂ ಇತ್ತು, ಅಭಿಮಾನವೂ ಇತ್ತು; ಎರಡೂ ಒಂದೇ ನೂಲಿನಲ್ಲಿ ಸೇರಿಕೊಂಡಿದ್ದವು. ಅವನು ಪೇಟೆಯ ಒಬ್ಬ ಸಾಹುಕಾರನ ಅಂಗಡಿಯಲ್ಲಿ ಹೊಸ ವರುಷದ ಮೊದಲನೆಯ ವಾರದಲ್ಲಿ ಕೊಡುವೆನೆಂದು ಹೇಳಿ, ಸೀರೆ ಅಂಗಿ ಸಕ್ಕರೆಗಳೆಲ್ಲಾ ಸೇರಿ 12 ರೂಪಾಯಿಗಳ ಸಾಮಾನನ್ನು ಉದ್ರಿ ತಂದನು. ಹಬ್ಬದ ದಿವಸ ಎಲ್ಲರೂ ಸಂತೋಷಪಟ್ಟರು.

ಡಬ್ಬಿಯ ಕರ್ಚಿಕಾಯಿ ತೀರುವದಕ್ಕೆ ಮುಂಚೆಯೇ ಕೊಡುವ ದಿವಸ ಬಂತು, ಹಣವು ಬರಲಿಲ್ಲ. ಸಾಹುಕಾರನ ಗುಮಾಸ್ತನು ಓಣಿಯಲ್ಲಿ ಬರುವದನ್ನು ಕಂಡ ಕೂಡಲೆ ತಂದೆಯು ಮಗ್ಗವನ್ನು ನಿಲ್ಲಿಸಿ, ಮಗಳಿಗೆ ಕೈಸನ್ನೆ ಮಾಡುವನು. ಹುಡುಗಿಯು ಬಾಗಿಲಿಗೆ ಹೋಗಿ, ಅಪ್ಪ ಮನೆಯಲ್ಲಿಲ್ಲ ಎಂದು ಹೇಳಿ ಬರುವಳು. ಹೀಗೆ ಎರಡು ಸಾರಿ ನಡೆಯಿತು. ಮೂರನೆಯ ಸಾರಿ ಗುಮಾಸ್ತನು ಸಿಟ್ಟಾಗದೆ, “ತಂಗೀ, ಓಣಿಯ ತಿರುವಿನ ತನಕ ಮಗ್ಗದ ಸಪ್ಪಳ ಕೇಳಿಸುತ್ತಿತ್ತಲ್ಲಾ, ನಡೆಸಿದವರು ಯಾರು?” ಎಂದು ಕೇಳಿದನು. ಹುಡುಗಿಗೆ ಬಾಯಿ ಬರಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು ಹೊರಟುಹೋದನು.

ಆ ರಾತ್ರಿ ತಂದೆಯು ವೇದವನ್ನು ತೆರೆದಾಗ ಮಗಳು, “ಅಪ್ಪಾ, ನಾಳೆ ಅವರು ಬಂದರೆ ಏನು ಹೇಳಲಿ?” ಎಂದು ಕೇಳಿದಳು. ತುಂಟತನದಿಂದಲ್ಲ, ಹೇಳತಕ್ಕದ್ದನ್ನು ತಿಳಿದುಕೊಳ್ಳಬೇಕೆಂದೇ ಕೇಳಿದಳು. ಅವನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂತನು. ಮಾರನೆಯ ದಿವಸ ಮಗಳ ಕೈ ಹಿಡುಕೊಂಡು ಅಂಗಡಿಗೆ ಹೋಗಿ, “ಸಾಹುಕಾರರೇ, ನಾನು ಮನೆಯಲ್ಲಿಯೇ ಇದ್ದೆನು. ಈ ಮಗುವಿನಿಂದ ಸುಳ್ಳು ಹೇಳಿಸಿದೆನು. ಹಣವು ಒಮ್ಮೆಲೇ ಕೊಡಲಾಗದು” ಎಂದು ಹೇಳಿದನು. ಹಣೆಯ ತುಂಬ ವಿಭೂತಿ ಧರಿಸಿದ ಆ ಸಾಹುಕಾರನು, “ಮಗ್ಗ ನಿಲ್ಲಿಸಿದರೆ ನನ್ನ ಹಣವೂ ನಿಂತ ಹಾಗೆಯೇ. ಮಗ್ಗ ನಡೆಸು. ವಾರಕ್ಕೆ 4 ಆಣೆ ಕೊಡು, ಬಡ್ಡಿ ಬೇಡ” ಎಂದನು. ಅಂದಿನಿಂದ ಹುಡುಗಿಯು ಪ್ರತಿ ವಾರ 4 ಆಣೆಗಳನ್ನು ಒಯ್ದು ಕೊಟ್ಟು, ಖಾತೆಯಲ್ಲಿ ಬರೆಯುವದನ್ನು ನೋಡಿ ಬರುತ್ತಿದ್ದಳು. ಲೆಕ್ಕ ಮಾಡಿರಿ: 12 ರೂಪಾಯಿಗೆ 192 ಆಣೆ, 192 ಆಣೆಗೆ 48 ವಾರ. ಒಂದು ದಿವಸದ ಹಬ್ಬವನ್ನು ತೀರಿಸುವಷ್ಟರಲ್ಲಿ ಮುಂದಿನ ಹಬ್ಬವೇ ಹತ್ತಿರ ಬಂತು.

ಆ ವರುಷ ಹೊಸ ಬಟ್ಟೆಯಿದ್ದಿಲ್ಲ. ಇದ್ದ ಬಟ್ಟೆಗಳನ್ನೇ ಒಗೆದು ಉಟ್ಟರು. ಬೆಲ್ಲದ ಪಾಯಸ ಮಾಡಿದರು. ಆದರೂ ತಮ್ಮ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೇ ಹಬ್ಬವಿದ್ದಿಲ್ಲವೆಂದು ಅಜ್ಜಿಯವರು ಹೇಳುತ್ತಿದ್ದರು. ಕಾರಣ ಕೇಳಿದರೆ, “ಆ ವರುಷ ಯಾರೇ ಬಂದು ಬಾಗಿಲು ಬಡಿದರೂ ನಾನೇ ಓಡಿಹೋಗಿ ತೆರೆದೆನು” ಎನ್ನುತ್ತಿದ್ದರು.

ಪ್ರಿಯರೇ, ಈಗ ಲೂಕನು ಬರೆದದ್ದನ್ನು ಆಲೋಚಿಸೋಣ. ಶಿಶುವಾದ ಯೇಸುವನ್ನು ಕರ್ತನಿಗೆ ಸಮರ್ಪಿಸುವದಕ್ಕಾಗಿ ಯೋಸೇಫನೂ ಮರಿಯಳೂ ಯೆರೂಸಲೇಮಿಗೆ ಹೋದರು. ಹೆತ್ತ ತಾಯಿಯು ತರತಕ್ಕ ಕಾಣಿಕೆಯು ಯಾಜಕಕಾಂಡದ 12ನೇ ಅಧ್ಯಾಯದಲ್ಲಿ ಗೊತ್ತುಮಾಡಲ್ಪಟ್ಟಿದೆ: ಒಂದು ವರುಷದ ಕುರಿಮರಿಯೂ ಅದರ ಸಂಗಡ ಒಂದು ಹಕ್ಕಿಯೂ. ಕುರಿಮರಿಯನ್ನು ತರಲಾರದ ಬಡವಳು ಎರಡು ಬೆಳವಕ್ಕಿಗಳನ್ನಾಗಲಿ ಎರಡು ಪಾರಿವಾಳದ ಮರಿಗಳನ್ನಾಗಲಿ ತಂದರೆ ಸಾಕೆಂದು ದೇವರು ಅಲ್ಲಿಯೇ ಅಪ್ಪಣೆ ಕೊಟ್ಟಿದ್ದಾನೆ. ಲೂಕನು ಹಕ್ಕಿಗಳನ್ನು ಮಾತ್ರ ಹೇಳುತ್ತಾನೆ. ಲೋಕರಕ್ಷಕನ ನಿಮಿತ್ತವಾಗಿ ದೇವಾಲಯಕ್ಕೆ ಬಂದ ಮೊದಲನೆಯ ಕಾಣಿಕೆಯು ಬಡವರ ಕಾಣಿಕೆಯೇ.

ಇಂಥ ಮಗನ ತಾಯಿತಂದೆಗಳು ಜನರ ಮುಂದೆ ಕುರಿಮರಿಯನ್ನು ಹೊಡಕೊಂಡು ಹೋಗಬೇಕೆಂದು ಆಶೆಪಟ್ಟಿದ್ದರೆ ಆಶ್ಚರ್ಯವೇನು? ದೇವದೂತನ ಮಾತನ್ನು ಕೇಳಿದವರಿಗೆ, ಕುರುಬರು ಹುಡುಕಿಕೊಂಡು ಬಂದ ಮನೆಯವರಿಗೆ, ಅಭಿಮಾನಪಡುವದಕ್ಕೆ ಕಾರಣವಿದ್ದಿಲ್ಲವೋ? ಆದರೂ ದೇವರು ಬಡವರಿಗಾಗಿ ತೆರೆದಿಟ್ಟ ದಾರಿಯಲ್ಲಿ ನಡೆಯುವದಕ್ಕೆ ಅವರು ನಾಚಿಕೊಳ್ಳಲಿಲ್ಲ. ಅದೇ ದಿವಸ ಸಿಮೆಯೋನನು ಶಿಶುವನ್ನು ತನ್ನ ಕೈಯಲ್ಲಿ ಎತ್ತಿಕೊಂಡು ದೇವರನ್ನು ಕೊಂಡಾಡಿದನು. ವಿಧವೆಯಾದ ಅನ್ನಳು ಸ್ತೋತ್ರ ಮಾಡಿದಳು. ಅವರ ಕಣ್ಣುಗಳು ಶಿಶುವಿನ ಮೇಲಿದ್ದವೇ ಹೊರತು ಕಾಣಿಕೆಯ ಬೆಲೆಯ ಮೇಲಲ್ಲ. ಹೀಗಿರಲಾಗಿ, ಕ್ರಿಸ್ತನು ನಮ್ಮಿಂದ ಕೇಳದೆ ಇರುವ ಕುರಿಮರಿಯನ್ನು ನಾವು ಸಾಲಮಾಡಿ ತರುವದು ಯಾರನ್ನು ಮೆಚ್ಚಿಸುವದಕ್ಕೆ?

ನಮ್ಮ ಹಳ್ಳಿಗಳಲ್ಲಿ ಈ ಶೋಧನೆಯು ಬಲವಾಗಿರುವದಕ್ಕೆ ಒಂದು ಕಾರಣವುಂಟು. ಎರೆ ಭೂಮಿಯ ಹಿಂಗಾರಿ ಜೋಳವೂ ಕಡಲೆಯೂ ಡಿಸೆಂಬರ್ ತಿಂಗಳಲ್ಲಿ ಇನ್ನೂ ಹೊಲದಲ್ಲಿಯೇ ನಿಂತಿರುವವು; ರಾಶಿಯಾಗುವದು ಹಬ್ಬವು ಮುಗಿದ ಮೇಲೆ. ಕಣ್ಣಿಗೆ ಬೆಳೆ ಕಾಣುವದು, ಕೈಯಲ್ಲಿ ಹಣವಿರದು. ಬರಲಿರುವದನ್ನು ಬಂದದ್ದೆಂದು ಎಣಿಸಿ ಖರ್ಚು ಮಾಡುವದು ಆಗ ಬಹು ಸುಲಭ. ಹಿಂದೆ ಅದಕ್ಕೆ ಸಾಹುಕಾರನ ಖಾತೆಯಿತ್ತು. ಈಗ ಸಂಘದ ಸಾಲವೂ, ವಾರದ ಕಂತೂ, ಕೈಯಲ್ಲಿರುವ ಫೋನಿನಲ್ಲಿ ಬೆರಳೊತ್ತಿ ತರಿಸುವ ಸಾಮಾನೂ ಇವೆ. ಕಿರುಸಾಲದವರ ಬಲವಂತದ ವಸೂಲಿಯನ್ನು ತಡೆಯುವದಕ್ಕಾಗಿ ಕರ್ನಾಟಕ ಸರಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಕಾನೂನು ಬಡವರಿಗೆ ಆಸರೆಯೇ. ಆದರೆ ಸಾಲಗಾರನ ಮಗುವು ಬಾಗಿಲಲ್ಲಿ ಸುಳ್ಳು ಹೇಳುವದನ್ನು ಯಾವ ಕಾನೂನೂ ತಡೆಯಲಾರದು.

ಇದನ್ನು ಬರೆಯುವ ನಾನು ನಿಮಗಿಂತ ಮೇಲಿನವನಲ್ಲ. ಎರಡು ವರುಷಗಳ ಹಿಂದೆ ಹಬ್ಬಕ್ಕಾಗಿ ಕಂತಿನ ಮೇಲೆ ಸಾಮಾನು ತಂದು, ಜನವರಿ ತಿಂಗಳಲ್ಲಿ ಕೊಡತಕ್ಕದ್ದನ್ನು ಕೊಡಲಾರದೆ, ಫೋನು ಬಾರಿಸಿದಾಗ ಅದನ್ನು ನನ್ನ ಮಗನ ಕೈಗೆ ಕೊಟ್ಟು, ಅಪ್ಪ ಹೊರಗೆ ಹೋಗಿದ್ದಾರೆಂದು ಹೇಳೆಂದೆನು. ಅವನು ಹಾಗೆಯೇ ಹೇಳಿ ಫೋನನ್ನು ತಿರಿಗಿ ಕೊಟ್ಟು ನನ್ನ ಮುಖವನ್ನು ನೋಡಿದನು. ಆ ಆದಿತ್ಯವಾರ ನಾನು ಪೀಠದಲ್ಲಿ ನಿಂತಾಗ ಅವನು ಮುಂದಿನ ಸಾಲಿನಲ್ಲಿ ಕೂತಿದ್ದನು. ಅಜ್ಜಿಯವರು ಹೇಳಿದ ಮಗ್ಗದ ಸಂಗತಿಯನ್ನು ನಾನು ಕಥೆಯಾಗಿ ಕೇಳಿದ್ದೆನೇ ಹೊರತು ಕಲಿತಿದ್ದಿಲ್ಲವೆಂದು ಆಗ ತಿಳಿಯಿತು. ಮಗನ ಮುಂದೆ ತಪ್ಪನ್ನು ಒಪ್ಪಿಕೊಂಡು, ಕೊಡತಕ್ಕವರಿಗೂ ಸತ್ಯವನ್ನು ತಿಳಿಸಿದ ಮೇಲೆಯೇ ನನ್ನ ಪ್ರಾರ್ಥನೆಗೆ ಬಾಯಿ ಬಂತು.

ಎಲ್ಲಾ ಸಾಲವೂ ಪಾಪವೆಂದು ಹೇಳುವದಿಲ್ಲ. ಬಿತ್ತನೆಯ ಬೀಜಕ್ಕೂ, ರೋಗಿಯ ಔಷಧಕ್ಕೂ ಸಾಲ ಮಾಡುವ ಬಡವನನ್ನು ವೇದವು ನಿಂದಿಸುವದಿಲ್ಲ. ಎರಡನೆಯ ಅರಸುಗಳ ಪುಸ್ತಕದ 4ನೇ ಅಧ್ಯಾಯದಲ್ಲಿ, ಸಾಲಕೊಟ್ಟವನು ತನ್ನ ಇಬ್ಬರು ಮಕ್ಕಳನ್ನು ದಾಸರಾಗಿ ಒಯ್ಯುವನೆಂದು ಅತ್ತ ವಿಧವೆಗೆ ದೇವರು ಎಲೀಷನ ಮೂಲಕ ಸಹಾಯ ಮಾಡಿದನಲ್ಲವೇ? ಆದರೆ ಪಾತ್ರೆಗಳು ಎಣ್ಣೆಯಿಂದ ತುಂಬಿದ ಮೇಲೆ ಪ್ರವಾದಿಯು ಅವಳಿಗೆ ಹೇಳಿದ ಕ್ರಮವನ್ನು ನೋಡಿರಿ: ಮೊದಲು ಮಾರಿ ಸಾಲವನ್ನು ತೀರಿಸುವದು, ಉಳಿದದ್ದರಿಂದ ಜೀವನ ಮಾಡುವದು. ಅದ್ಭುತದಿಂದ ಬಂದ ಎಣ್ಣೆಗೂ ಇದೇ ಕ್ರಮವಿದ್ದ ಮೇಲೆ ನಮ್ಮ ಬೆವರಿನಿಂದ ಬಂದ ಹಣಕ್ಕೆ ಬೇರೆ ಕ್ರಮವುಂಟೋ?

ಆದಕಾರಣ ಈ ಹಬ್ಬಕ್ಕೆ ಸಂತೆಗೆ ಹೊರಡುವ ಮುಂಚೆ ಗಂಡಹೆಂಡರಿಬ್ಬರೂ ಕೂತು, ಕೈಯಲ್ಲಿ ಎಷ್ಟಿದೆ ಎಂಬದನ್ನು ಒಬ್ಬರಿಗೊಬ್ಬರು ಮುಚ್ಚಿಡದೆ ಹೇಳಿಕೊಳ್ಳಿರಿ. ಕೊಡತಕ್ಕದ್ದನ್ನು ಮೊದಲು ತೆಗೆದಿಡಿರಿ. ನಿಮಗಿಂತ ಬಡವರಾದ ನೆರೆಯವರಿಗಾಗಿ, ಒಂದು ಸೇರು ಜೋಳವಾದರೂ ಸರಿಯೇ, ಬೇರೆ ಇಡಿರಿ. ಉಳಿದದ್ದರಲ್ಲಿ ಮಕ್ಕಳಿಗೆ ಸಂತೋಷವಾಗುವಂಥದನ್ನು ತನ್ನಿರಿ. ಮುಂದಿನ ವರುಷ ರಾಶಿಯಾದಾಗಲೇ ಹಬ್ಬದ ಪಾಲನ್ನು ಗಂಟುಕಟ್ಟಿ ಇಟ್ಟರೆ ಡಿಸೆಂಬರ್ ತಿಂಗಳು ನಿಮ್ಮನ್ನು ಹೆದರಿಸದು. ಸಭೆಯ ಹಿರಿಯರೇ, ಅನುಕೂಲವುಳ್ಳವರೇ, ನಿಮಗೂ ಒಂದು ಮಾತು: ಹಬ್ಬದ ಬೆಳಿಗ್ಗೆ ದೇವಾಲಯದ ಬಾಗಿಲಲ್ಲಿ ಸಹೋದರಿಯ ಸೀರೆಯನ್ನು ನೋಡಿ ವಂದನೆಯನ್ನು ಅಳೆಯಬೇಡಿರಿ. ಬಡವನು ಸಾಲದ ಅಂಗಡಿಗೆ ಹೋಗುವದು ಅನೇಕ ಸಾರಿ ನಮ್ಮ ಕಣ್ಣುಗಳ ಭಯದಿಂದಲೇ.

ಪೌಲನು ರೋಮಾಪುರದವರಿಗೆ ಬರೆದ ಮಾತಿನ ಅಭಿಪ್ರಾಯವೇನಂದರೆ, ಪ್ರೀತಿಯ ಋಣವೊಂದರ ಹೊರತು ಮತ್ತಾವ ಋಣವೂ ನಮ್ಮ ಮೇಲೆ ಇರಬಾರದು. ಬೇರೆ ಸಾಲವು ತೀರಿದಷ್ಟೂ ಮನೆಗೆ ಸುಖ. ಪ್ರೀತಿಯ ಸಾಲವೋ ಕೊಟ್ಟಷ್ಟೂ ಉಳಿಯುವದು. ಅದನ್ನು ಹೊತ್ತವನು ಯಾರನ್ನು ಕಂಡರೂ ಅಡಗಿಕೊಳ್ಳಬೇಕಾಗಿಲ್ಲ.

ಪ್ರಕಟನೆಯ 3ನೇ ಅಧ್ಯಾಯದಲ್ಲಿ ಕರ್ತನು ತಾನು ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆಂದು ತಿಳಿಸುತ್ತಾನೆ. ತಟ್ಟುವ ಸಪ್ಪಳಕ್ಕೆಲ್ಲಾ ಬೆಚ್ಚಿ ಉಸಿರು ಬಿಗಿಹಿಡಿಯುವ ಮನೆಯು ಆತನ ಸಪ್ಪಳವನ್ನು ಹೇಗೆ ಗುರುತಿಸೀತು? ಈ ಹಬ್ಬದಲ್ಲಿ ನಮ್ಮ ಮನೆಗಳಲ್ಲಿ ಕರ್ಚಿಕಾಯಿ ಕಡಿಮೆಯಾದರೆ ಆಗಲಿ. ಮಗುವು ಓಡಿಹೋಗಿ ತೆರೆಯುವಂಥ ಬಾಗಿಲು ಇರಲಿ.

ನಮಗೋಸ್ಕರ ಬಡವನಾದ ಕರ್ತನಾದ ಯೇಸುಕ್ರಿಸ್ತನ ಕೃಪೆಯು ನಿಮ್ಮೆಲ್ಲರ ಮನೆಗಳಲ್ಲಿ ವಾಸಿಸಲಿ. ಆಮೆನ್.