ಕಟ್ಟಿದ ಕೈ

ಚನ್ನಗಿರಿಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ, ಕೂಸಿಗೊಂದು ತಾಯಿತ ಕಟ್ಟುವ ಮಾತು ಬಂದಾಗ, ವಿದ್ಯಾವಂತರೂ ಸಜ್ಜನರೂ ಆದ ನೆಂಟರೊಬ್ಬರು “ಇರಲಿ ಬಿಡಿ, ಅದೊಂದು ಮನೋಧೈರ್ಯ” ಎಂದು ನುಡಿದು ಚರ್ಚೆಯನ್ನು ಅಲ್ಲಿಗೇ ಮುಗಿಸಿದರು. ಆ ಮಾತು ನನ್ನನ್ನು ಇಂದಿಗೂ ಕೆರಳಿಸುತ್ತಿದೆ. ತಾಯಿತವನ್ನು ಕಿತ್ತೆಸೆಯಿರೆನ್ನುವವರ ಮೇಲೆ ನನಗೆ ಕೋಪವಿಲ್ಲ. ಅವರು ಕಟ್ಟುವವಳ ಮಾತನ್ನು ಮಾತೆಂದು ಗಣಿಸಿ, ಅದು ಸುಳ್ಳೆಂದು ಎದುರು ನಿಂತು ವಾದಿಸುತ್ತಾರೆ. ಮನೋಧೈರ್ಯದ ವಾದಿಯಾದರೋ ಸತ್ಯಾಸತ್ಯದ ಪ್ರಶ್ನೆಯನ್ನೇ ಎತ್ತದೆ, ಅಳುವ ಮಗುವಿನ ಕೈಗೆ ಬೆಲ್ಲದ ಚೂರನ್ನಿಟ್ಟಂತೆ, ಅವಳ ನಂಬಿಕೆಯನ್ನು ಅವಳಿಗೇ ಬಿಟ್ಟುಕೊಟ್ಟು ನಡೆದುಬಿಡುತ್ತಾನೆ.

ಈ ವಿಷಯದಲ್ಲಿ ಪಂಡಿತರು ಬರೆದುದು ವಿಪುಲವಾಗಿದೆ. ಅಥರ್ವವೇದದಲ್ಲಿ ಮಣಿಬಂಧನದ ಸೂಕ್ತಗಳುಂಟು. ಫ್ರೇಜರನು ತನ್ನ ಮಹಾಗ್ರಂಥದಲ್ಲಿ ಮಾಟವನ್ನೆಲ್ಲ ಸಾದೃಶ್ಯ ಮತ್ತು ಸಂಸರ್ಗಗಳೆಂಬ ಎರಡು ನಿಯಮಗಳಿಗೆ ಇಳಿಸಿದನು. ಅವು ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಲಿಲ್ಲ. ನಿಜವಾದ ಪ್ರತಿಪಕ್ಷಿ ಮ್ಯಾಲಿನೋವ್‌ಸ್ಕಿ; ನಮ್ಮ ನೆಂಟರು ಅರಿಯದೆಯೇ ಆಡಿದುದು ಅವನ ಮಾತನ್ನೇ.

ಟ್ರೋಬ್ರಿಯಂಡ್ ದ್ವೀಪಗಳಲ್ಲಿ ವಾಸವಾಗಿದ್ದು ಅಲ್ಲಿನ ಜನಜೀವನವನ್ನು ಕಂಡು, 1925ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ದೃಷ್ಟಾಂತವು ಸುಂದರವಾದುದು: ಒಳಗಡಲಿನ ನಿಶ್ಚಲ ನೀರಿನಲ್ಲಿ, ವಿಷವಿಕ್ಕಿ ನಿರಾಯಾಸವಾಗಿ ಮೀನು ಹಿಡಿಯುವಲ್ಲಿ ಯಾವ ಮಂತ್ರವೂ ಇಲ್ಲ, ಪ್ರಾಣಭಯವೂ ಅನಿಶ್ಚಯವೂ ತುಂಬಿದ ಹೊರಗಡಲಿಗೆ ಹೊರಟಾಗ ಮಂತ್ರವಿಧಿಗಳು ಹೇರಳ. ಮನುಷ್ಯನ ಜ್ಞಾನವು ನಿಂತಲ್ಲಿ ಮಂತ್ರವು ಮೊದಲಾಗಿ ಅವನ ಧೈರ್ಯವನ್ನು ಕಾಯುತ್ತದೆಂಬುದು ಅವನ ಸಿದ್ಧಾಂತ.

ಈ ಸಿದ್ಧಾಂತವನ್ನು ನಾನು ಬಾಳಿದ ನೆಲದ ಮೇಲೆಯೇ ಒರೆಗೆ ಹಚ್ಚಿ ನೋಡಿದೆನು. ಭದ್ರಾ ನಾಲೆಯ ನೀರುಂಡ ಚನ್ನಗಿರಿಯ ಅಡಿಕೆ ತೋಟವು ನಮ್ಮ ಒಳಗಡಲು. ಮುಗಿಲನ್ನೇ ನೆಚ್ಚಿ ಬಿತ್ತುವ ಜಗಳೂರಿನ ಹೊಲವು ನಮ್ಮ ಹೊರಗಡಲು. ಆರು ವರ್ಷ ಜಗಳೂರಿನಲ್ಲಿ ಉಪಾಧ್ಯಾಯನಾಗಿದ್ದ ನಾನು, ಅವನ ಮಾತು ದಿಟವಾಗಿದ್ದರೆ, ರಕ್ಷೆಗಳನ್ನು ಅಲ್ಲಿಯೇ ಹೆಚ್ಚಾಗಿ ಕಾಣಬೇಕಿತ್ತು. ಕಂಡುದು ಬೇರೆ. ಸುಣ್ಣದ ಬೊಟ್ಟಿಟ್ಟ ಮಡಕೆ, ಬಾಗಿಲಿಗೆ ಕಟ್ಟಿದ ಬೂದುಗುಂಬಳ, ಹೊಸ ಟ್ರ್ಯಾಕ್ಟರಿನ ಮುಂದೆ ತೂಗುವ ನಿಂಬೆಹಣ್ಣು ಮೆಣಸಿನಕಾಯಿ, ಇವೆಲ್ಲ ಫಲ ಹಿಡಿದ ತೋಟದ ಕಡೆಯೇ ದಟ್ಟವಾಗಿದ್ದವು. ದೃಷ್ಟಿ ತಾಕುವುದು ತುಂಬಿದುದಕ್ಕೆ. ಒಣಗಿದ ಜೋಳದ ಪೈರಿಗೆ ಯಾರ ಕಣ್ಣು ತಾಕೀತು? ಮಳೆ ಹೋದ ವರ್ಷ ಜಗಳೂರಿನ ಸೀಮೆಯಲ್ಲಿ ಹುಡುಗರು ತಲೆಯ ಮೇಲೆ ಗುರ್ಜಿ ಹೊತ್ತು, ಮನೆಮನೆಯ ಮುಂದೆ ನೀರು ಹುಯ್ಯಿಸಿಕೊಂಡು ತಿರುಗುವರು. ಅದನ್ನು ಮ್ಯಾಲಿನೋವ್‌ಸ್ಕಿಯ ಪಾಲಿಗೆ ಬಿಟ್ಟುಕೊಡುತ್ತೇನೆ. ಹೊನ್ನಾಳಿಯಲ್ಲಿ ತುಂಗಭದ್ರೆ ಕೆಂಪಾಗಿ ತುಂಬಿ ಬಂದಾಗ ಹರಿಗೋಲಿಗೆ ಕಾಲಿಡುವ ಮುನ್ನ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡವರನ್ನೂ ಅವನಿಗೇ ಬಿಡೋಣ. ಆದರೆ ಮಳೆಗಾಗಿ ತಾಯಿತ ಕಟ್ಟಿದವರನ್ನು ನಾನು ಎಲ್ಲಿಯೂ ಕಾಣಲಿಲ್ಲ. ತಾಯಿತವನ್ನು ಕಟ್ಟುವುದು ಒಂದು ಮೈಗೆ, ಒಂದು ಹೆಸರಿಗೆ.

ಅದೂ ಎಂಥ ಮೈಗೆ? ಭಯವೆಂದರೇನೆಂದು ತಿಳಿಯದ ಹಸುಗೂಸಿಗೆ. ಅದಕ್ಕೆ ಯಾವ ಧೈರ್ಯ ಬೇಕು? ಧೈರ್ಯವು ಕಟ್ಟಿದವಳದೆಂದು ಮ್ಯಾಲಿನೋವ್‌ಸ್ಕಿ ಉತ್ತರಿಸಿಯಾನು. ಆಗ ನಾನು ನ್ಯಾಮತಿಯ ನಮ್ಮ ಅಜ್ಜಿಯನ್ನು ಅವನ ಮುಂದೆ ನಿಲ್ಲಿಸುವೆನು. ನನ್ನ ತಂಗಿ ಹುಟ್ಟಿದಾಗ ಅಜ್ಜಿ ಅವಳ ರಟ್ಟೆಗೆ ತಾಯಿತ ಕಟ್ಟಿದಳು. ಕಟ್ಟಿದ ಮೇಲೆ ನೆಮ್ಮದಿಯಾಗಿ ಮಲಗಿದಳೆ? ಇಲ್ಲ, ರಾತ್ರಿಗೆ ಮೂರು ಬಾರಿ ಎದ್ದು, ಬುಡ್ಡಿಯ ಬೆಳಕನ್ನು ಅಂಗೈಯಿಂದ ಮರೆಮಾಡಿಕೊಂಡು, ಗಂಟು ಸಡಿಲಿತೇನೋ ಎಂದು ತಡವಿ ನೋಡುವಳು. ಕಟ್ಟುವ ಮುನ್ನ ಕೂಸಿನದೊಂದೇ ಚಿಂತೆಯಿತ್ತು, ಕಟ್ಟಿದ ಮೇಲೆ ಗಂಟಿನದೂ ಸೇರಿತು. ಇಂಥ ವಿಧಿಗಳು ಆತಂಕವನ್ನು ಹುಟ್ಟಿಸಲೂ ಬಲ್ಲವೆಂಬ ಆಕ್ಷೇಪವನ್ನು ರ್‍ಯಾಡ್‌ಕ್ಲಿಫ್-ಬ್ರೌನ್ 1939ರಲ್ಲಿಯೇ ಎತ್ತಿದ್ದನು. ನಾನು ಅದನ್ನು ಓದುವುದಕ್ಕೆ ಮೊದಲೇ ಅಜ್ಜಿಯ ಬೆರಳುಗಳಲ್ಲಿ ಕಂಡಿದ್ದೆನು.

ಒಮ್ಮೆ ಆ ತಾಮ್ರದ ಕೊಳವೆಯ ಅರಗು ಬಿರಿದು, ಒಳಗಿನ ಸುರುಳಿ ಹೊರಬಂದಿತು. ಅಕ್ಷರಗಳಿರಲಿಲ್ಲ; ಒಂಬತ್ತು ಮನೆಗಳಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳು, ಅಡ್ಡ ಕೂಡಿದರೂ ಉದ್ದ ಕೂಡಿದರೂ ಮೂಲೆಯಿಂದ ಮೂಲೆಗೆ ಕೂಡಿದರೂ 15. ಅದನ್ನು ಬರೆದುಕೊಟ್ಟವರು ದರ್ಗಾದ ಹಿರಿಯರು. ಕಟ್ಟಿದ ಅಜ್ಜಿಯ ಕೊರಳಲ್ಲಿದ್ದುದು ಇಷ್ಟಲಿಂಗ. ನಮ್ಮಲ್ಲಿ ಇದೇ ಪಂಚದಶೀ ಯಂತ್ರ. 1111ರಲ್ಲಿ ತೀರಿಕೊಂಡ ಅಲ್-ಗಜಾಲಿ, ಇದನ್ನು ಬಟ್ಟೆಯ ಮೇಲೆ ಬರೆದು ಕಷ್ಟಪ್ರಸವದ ಹೆಂಗಸಿನ ಪಾದದಡಿ ಇಡುವುದನ್ನು ಪ್ರಸ್ತಾಪಿಸಿದ್ದಾನೆ; ಅವನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ ವೃಂದನ ‘ಸಿದ್ಧಯೋಗ’ವೆಂಬ ವೈದ್ಯಗ್ರಂಥವು, ಸುಖಪ್ರಸವಕ್ಕೆಂದೇ, ಮೊತ್ತ 30 ಬರುವ ಒಂಬತ್ತು ಮನೆಯ ಚೌಕವನ್ನು ಹೇಳಿದೆ. ಮಾಟದ ಜೀವಾಳವು ಉಚ್ಚರಿಸಿದ ಮಂತ್ರದಲ್ಲಿದೆ ಎಂದು ಮ್ಯಾಲಿನೋವ್‌ಸ್ಕಿ ಬಗೆದಿದ್ದನು. ಇಲ್ಲಿಯಾದರೋ ಬರೆದುದನ್ನು ಅರಗಿನಿಂದ ಮುಚ್ಚಿ, ಓದಲಾಗದವಳು ಓದಬಾರದವಳಿಗೆ ಕಟ್ಟುತ್ತಿದ್ದಾಳೆ.

ಆದುದರಿಂದ ನನಗೆ ತೋರಿದುದಿಷ್ಟು: ತಾಯಿತದ ಸತ್ತ್ವವಿರುವುದು ಕಟ್ಟುವ ಕೈಯಲ್ಲಿ. ಈ ಶಬ್ದದ ಮೂಲವೆಂದು ಹೇಳುವ ಅರಬ್ಬಿಯ ‘ತಾವೀಜ್’ಗೆ ಆಶ್ರಯ ಬೇಡುವುದೆಂದು ಅರ್ಥ; ಕನ್ನಡದ ಕಿವಿಗೆ ಅದರಲ್ಲಿ ತಾಯಿ ಕೇಳಿಸುತ್ತಾಳೆ. ತನಗೆ ತಾನೇ ಕಟ್ಟಿಕೊಳ್ಳುವುದು ಅಪರೂಪ, ಇನ್ನೊಬ್ಬರು ಕಟ್ಟಬೇಕು. ‘ಈ ಮೈಗೆ ನಾನು ಹೊಣೆ’ ಎಂಬ ಕಣ್ಣಿಗೆ ಕಾಣುವ ಪ್ರತಿಜ್ಞೆಯದು. ಪ್ರತಿಜ್ಞೆಯನ್ನು ಔಷಧವೆಂದು ಪರೀಕ್ಷಿಸುವುದೂ ತಪ್ಪು, ಸಮಾಧಾನವೆಂದು ಕ್ಷಮಿಸುವುದೂ ತಪ್ಪು.

ಪ್ರಬಂಧವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ನನ್ನ ತಂಗಿಯ ಬಲಗಿವಿ ಕೇಳಿಸುವುದಿಲ್ಲ.

ಅವಳಿಗೆ ಆರು ವರ್ಷವಾಗಿದ್ದಾಗ ವಿಪರೀತ ಜ್ವರ ಬಂದು ಕತ್ತು ಬಿಗಿಯಿತು. ಹೊಸ ತಾಯಿತ ಬಂದಿತು, ಅದರೊಡನೆ ಒಂದು ಕಟ್ಟೂ ಬಂದಿತು: ಮೂರು ದಿನ ಹೊಸಿಲು ದಾಟಿಸಬಾರದು. ನಾವು ದಾಟಿಸಲಿಲ್ಲ. ನಾಲ್ಕನೆಯ ದಿನ ಎತ್ತಿಕೊಂಡು ಹೋದಾಗ ವೈದ್ಯರು ಜೀವವನ್ನುಳಿಸಿದರು; ಕಿವಿಯನ್ನು ಉಳಿಸಲಾಗಲಿಲ್ಲ. ಅಂದು ಅಜ್ಜಿಯಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ, ಹೊಣೆಗೂ ಕೊರತೆಯಿರಲಿಲ್ಲ. ನಾನು ಪ್ರತಿಜ್ಞೆಯೆಂದು ಕರೆದುದನ್ನು ಅವಳು ಅಕ್ಷರಶಃ ಪಾಲಿಸಿದಳು, ಪಾಲಿಸಿದುದರಿಂದಲೇ ಆ ಮೂರು ದಿನಗಳು ಹೋದವು. ಕನ್ನಡದಲ್ಲಿ ಗಂಟನ್ನೂ ನಿರ್ಬಂಧವನ್ನೂ ಕಟ್ಟು ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಒಂದನ್ನು ಕೊಂಡಾಡಿ ಇನ್ನೊಂದನ್ನು ಮರೆತ ನನ್ನ ವಾದಕ್ಕಿಂತ, ಜ್ಞಾನವಿದ್ದಲ್ಲಿ ಜ್ಞಾನವನ್ನೇ ನೆಚ್ಚುವ ಮ್ಯಾಲಿನೋವ್‌ಸ್ಕಿಯ ಬೆಸ್ತನು ಆ ಒಂದು ವಿಷಯದಲ್ಲಿ ವಿವೇಕಿಯಾಗಿದ್ದನು.

ಮೊಮ್ಮಗನ ತೊಟ್ಟಿಲ ದಿನ ತಾಯಿತ ತಂದವಳು ಇದೇ ತಂಗಿ. ನೆಂಟರು ಮನೋಧೈರ್ಯವೆಂದುದು ಅವಳ ಬಲಗಡೆ ಕುಳಿತು; ಅವಳಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಸೊಸೆಯ ಕಡೆ ತಿರುಗಿ, “ಜ್ವರ ಬಂದ್ರೆ ಮೊದ್ಲು ಆಸ್ಪತ್ರೆಗೆ ಕರ್ಕೊಂಡ್ ಹೋಗ್ರಿ ತಾಯಿ, ಒಂದ್ ಗಳಿಗೆನೂ ಕಾಯ್ಬೇಡ್ರಿ” ಎಂದಳು. ಹಾಗೆನ್ನುತ್ತಲೇ ಕೂಸಿನ ರಟ್ಟೆಗೆ ಕರಿದಾರವನ್ನು ಸುತ್ತಿ ಗಂಟು ಹಾಕಿದಳು. ಹಾಗಿದ್ದ ಮೇಲೆ ಇದೇಕೆಂದು ಕೇಳಬೇಕೆನ್ನಿಸಿತು. ಕೇಳಲು ನಾಲಗೆ ಬರಲಿಲ್ಲ.

“ಬಿಗಿಯಾಯ್ತೇನಣ್ಣಾ, ನೋಡು” ಎಂದಳು. ದಾರದಡಿ ಕಿರುಬೆರಳು ತೂರಿಸಿ ನೋಡಿದೆ, ತೂರಲಿಲ್ಲ. ತುಸು ಸಡಿಲ ಮಾಡು ಎಂದೆ. ಅವಳು ಗಂಟು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ನಾನು ಕೂಸಿನ ಕೈ ಹಿಡಿದುಕೊಂಡೆ.