ಎರಡಂಗುಲ ಸಾಲದ ಹಗ್ಗ



ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಬರುವ ದಾಮೋದರಲೀಲೆಯು ಸರ್ವರಿಗೂ ವಿದಿತವೇ ಆಗಿದೆ. ಯಶೋದೆಯು ಬಾಲಕೃಷ್ಣನಿಗೆ ಹಾಲೂಡುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿತು. ಮಗುವನ್ನು ಕೆಳಗಿಳಿಸಿ ಅವಳು ಅತ್ತ ಓಡಿದಳು. ಇತ್ತ ಮೊಸರಿನ ಗಡಿಗೆ ಒಡೆಯಿತು. ಮಗುವನ್ನು ಒರಳಿಗೆ ಕಟ್ಟಹೊರಟರೆ ಹಗ್ಗವು ಎರಡಂಗುಲ ಸಾಲದು. ಮನೆಯ ಹಗ್ಗಗಳನ್ನೆಲ್ಲ ಗಂಟುಹಾಕಿದರೂ ಅದೇ ಎರಡಂಗುಲದ ಕೊರತೆ. ಕಡೆಗೆ ತಾಯಿಯ ಬೆವರನ್ನೂ ಆಯಾಸವನ್ನೂ ಕಂಡು ಸ್ವಾಮಿಯು ತಾನಾಗಿಯೇ ಕಟ್ಟಿಗೆ ಒಳಗಾದನು. ಸರ್ವಸ್ವತಂತ್ರನೂ ನಿರ್ದೋಷನೂ ಆದ ಅವನಿಗೆ ಬಂಧನವೆಲ್ಲಿಯದು? ಪಾಠವಿರುವುದು ಮಕ್ಕಳನ್ನು ಹೆತ್ತ ನಮಗೆ.

ನಮ್ಮ ಮನೆಯ ಸಂಗತಿಯನ್ನೇ ಅರಿಕೆ ಮಾಡುತ್ತೇನೆ. ಹೇಮಗಿರಿಯ ಜಾತ್ರೆಯ ದಿನಗಳಲ್ಲಿ ಸೇವೆಗಳ ಗಡಿಬಿಡಿ. ಒಂಬತ್ತು ವರ್ಷದ ಮಗನು ಸುಮ್ಮನಿರಲೆಂದು ಅವನ ಕೈಗೆ ಮೊಬೈಲನ್ನು ಕೊಟ್ಟೆನು. ರಥವು ಬೀದಿಯಲ್ಲಿ ಸಾಗುತ್ತಿದ್ದರೂ ಹುಡುಗನು ತಲೆಯೆತ್ತಲಿಲ್ಲ. ಅಂದು ರಾತ್ರಿ ಕೋಪದಿಂದ ಅದನ್ನು ಕಸಿದುಕೊಂಡೆನು. ಅವನು ಊಟ ಬಿಟ್ಟು ಮಲಗಿ, “ನೀವೇ ಅಲ್ವಾ ಅಪ್ಪಾ ಕೊಟ್ಟಿದ್ದು?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಉಕ್ಕುವ ಹಾಲಿಗೆಂದು ಮಗುವನ್ನು ಕೆಳಗಿಳಿಸಿದವನು ನಾನೇ ಆಗಿದ್ದೆನು.

ಆಟವೇ ದೋಷವೆಂದು ತಿಳಿಯಬಾರದು. ಬಾಲ್ಯದಲ್ಲಿ ಶ್ರೀಮದಾಚಾರ್ಯರು ಓಟ, ನೆಗೆತ, ಮಲ್ಲಯುದ್ಧಗಳಲ್ಲಿ ಜೊತೆಯ ಬಾಲಕರನ್ನು ಮೀರಿಸಿದ್ದರೆಂದು ಸುಮಧ್ವವಿಜಯವು ವರ್ಣಿಸುತ್ತದೆ. ಮಿತಿ ತಪ್ಪುವುದೇ ದೋಷ. ಆಟವು ಹಿಡಿತಕ್ಕೆ ಸಿಗದೆ, ಉಳಿದೆಲ್ಲವನ್ನೂ ಹಿಂದೆ ತಳ್ಳಿ, ಕೇಡು ಕಂಡರೂ ಬಿಡಲಾಗದೆ ಬಹುಕಾಲ ಮುಂದುವರಿದರೆ ಅದು ವ್ಯಾಧಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಪರಿಗಣಿಸಿದೆ. ಅದನ್ನು ಸೇರಿಸಿದ ರೋಗಪಟ್ಟಿಯು 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿಯೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವು ಆರಂಭವಾಯಿತು. ನಿದ್ರೆ, ಊಟ, ಪಾಠಗಳು ಕೆಟ್ಟ ಮಗುವನ್ನು ಬೈದು ಪ್ರಯೋಜನವಿಲ್ಲ, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಸರ್ಕಾರವೂ ಹಗ್ಗ ಹಿಡಿದಿದೆ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ಆಟವು ನಿಷಿದ್ಧವಾಯಿತು. ಹುಡುಗರು ಬೇರೆ ಆಟಗಳನ್ನು ಹಿಡಿದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನನ್ನು ಅಂಗೀಕರಿಸಿತು. ಇವು ಬೇಕಾದವುಗಳೇ, ಆದರೂ ಎರಡಂಗುಲ ಸಾಲದು. ಒಂದಂಗುಲವು ಹಿರಿಯರ ಶ್ರಮ, ಇನ್ನೊಂದು ಮಗುವಿನ ಒಪ್ಪಿಗೆ. ಮೊದಲನೆಯದಿಲ್ಲದೆ ಎರಡನೆಯದು ಬಾರದು.

ನಮ್ಮ ಮನೆಗಳಲ್ಲಿ ಏಕಾದಶಿಯು ಜಗಳವಿಲ್ಲದೆ ನಡೆಯುವುದೇಕೆ? ದಿನವು ಪಂಚಾಂಗದಲ್ಲಿ ಮೊದಲೇ ಗೊತ್ತಿರುತ್ತದೆ, ಯಾರ ಕೋಪದಿಂದಲೂ ಹುಟ್ಟಿದ್ದಲ್ಲ, ಮರುದಿನ ಪಾರಣೆಯುಂಟು, ಎಲ್ಲಕ್ಕಿಂತ ಮಿಗಿಲಾಗಿ, ಹಿರಿಯರು ತಾವೇ ಉಪವಾಸವಿರುತ್ತಾರೆ. ಆಟದ ಮಿತಿಯೂ ಹಾಗೆಯೇ ಇರಲಿ. ಎಷ್ಟು ಹೊತ್ತು ಎಂಬುದನ್ನು ಆಟಕ್ಕೆ ಮೊದಲೇ ನಿಶ್ಚಯಿಸಬೇಕು. ಜೊತೆಗಾರರೊಡನೆ ಆಡುವ ಪಂದ್ಯವನ್ನು ನಡುವೆ ನಿಲ್ಲಿಸಲಾಗದಾದ್ದರಿಂದ ಹತ್ತು ನಿಮಿಷ ಮುಂಚಿತವಾಗಿ ಎಚ್ಚರಿಸಿ, ಪಂದ್ಯ ಮುಗಿದೊಡನೆ ತೆಗೆದಿಡಿಸಬೇಕು. ಹಣ ಪಾವತಿಯ ಗುಪ್ತಸಂಖ್ಯೆಯು ಮಕ್ಕಳಿಗೆ ತಿಳಿದಿರಬಾರದು. ರಾತ್ರಿ ಮೊಬೈಲು ಮಗುವಿನ ಹಾಸಿಗೆಯ ಬಳಿ ಇರಬಾರದು. ಬಿಟ್ಟ ಹೊತ್ತಿಗೆ ಬದಲಾಗಿ ತಂದೆಯೋ ತಾಯಿಯೋ ಜೊತೆಗಿದ್ದು ಅಂಗಳದಲ್ಲಿ ಆಡಿಸಬೇಕು, ಕಥೆ ಹೇಳಬೇಕು.

ನಮ್ಮಲ್ಲಿ ಈಗ ಸಂಜೆ ದೀಪ ಹಚ್ಚಿದ ಮೇಲೆ ರಾತ್ರಿಯ ಊಟದವರೆಗೆ ಎಲ್ಲರ ಮೊಬೈಲುಗಳೂ ಗೂಡಿನಲ್ಲಿರುತ್ತವೆ. ತುರ್ತು ಕರೆ ಬಂದರೆ ಮಾತ್ರ ಎತ್ತುವುದು. ಮೊದಲ ವಾರವೆಲ್ಲ ಹುಡುಗನ ಮುನಿಸು. ಆ ಮೇಲೊಂದು ದಿನ ಅಭ್ಯಾಸಬಲದಿಂದ ನನ್ನ ಕೈಯೇ ಗೂಡಿನತ್ತ ಹೋಯಿತು. “ಅಪ್ಪಾ, ಇನ್ನೂ ಊಟ ಆಗಿಲ್ಲ” ಎಂದನು ಮಗ. ನಾಚಿಕೆಯಿಂದ ಕೈಯನ್ನು ಹಿಂದೆಗೆದೆನು, ಸಂತೋಷವೂ ಆಯಿತು. ಹಗ್ಗದ ಇನ್ನೊಂದು ತುದಿಯನ್ನು ಅವನೇ ಹಿಡಿದಿದ್ದನು.

॥ ಶ್ರೀಕೃಷ್ಣಾರ್ಪಣಮಸ್ತು ॥