42 ಹಾಡು, ಒಂದು ಆಮೆನ್

2015ರಲ್ಲಿ ಆನ್‌ಸೈಟ್ ಅಂತ ಡಲ್ಲಾಸ್‌ಗೆ ಹೋಗಿದ್ದಾಗ ನನಗೆ ಕಾರು ಓಡಿಸೋಕೆ ಬರ್ತಿರಲಿಲ್ಲ. ನಮ್ಮ ಟೀಮಿನ ಹಿರಿಯರೊಬ್ಬರು, ಅಪ್ಪಟ ಟೆಕ್ಸಸ್‌ನವರು, ದಿನಾ ಬೆಳಗ್ಗೆ ತಮ್ಮ ಪಿಕಪ್ ಟ್ರಕ್ಕಿನಲ್ಲಿ ಹತ್ತಿಸಿಕೊಂಡು ಆಫೀಸಿಗೆ ಕರ್ಕೊಂಡು ಹೋಗೋರು. ಅವರ ಟ್ರಕ್ಕಿನಲ್ಲಿ ಕಂಟ್ರಿ ಹಾಡು ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ. ಮೊದಮೊದಲು ನನಗೆ ಎಲ್ಲಾ ಹಾಡೂ ಒಂದೇ ಥರ ಅನ್ನಿಸ್ತಿತ್ತು. ಎರಡು ಮೂರು ವಾರ ಆದಮೇಲೆ ಒಂದು ದನಿ ಮಾತ್ರ ಬೇರೆಯಾಗಿ ಗುರುತು ಸಿಗತೊಡಗಿತು. ದಪ್ಪ ದನಿ, ಸಾಲಿನ ಕೊನೆಗೆ ಬಂದಾಗ ಇನ್ನೂ ಕೆಳಕ್ಕೆ ಇಳಿಯೋದು, ಬಾವಿಗೆ ಬಿಟ್ಟ ಕೊಡ ನೀರು ಮುಟ್ಟೋ ಹಂಗೆ. ಯಾರು ಇವರು ಅಂತ ಕೇಳಿದೆ. ರ‍್ಯಾಂಡಿ ಟ್ರಾವಿಸ್ ಅಂದರು. ಆಮೇಲೆ, ಈಗ ಅವರು ಹಾಡಲ್ಲ, ಹಾಡೋಕಾಗಲ್ಲ ಅಂತ ಸೇರಿಸಿ ಸುಮ್ಮನಾದರು.

ಆ ಮಾತು ಆಗ ನನಗೆ ತಾಗಲಿಲ್ಲ. ನಮ್ಮಪ್ಪನಿಗೆ ಲಕ್ವ ಹೊಡೆದದ್ದು ಅದಾಗಿ ಆರು ವರ್ಷಕ್ಕೆ.

ಟ್ರಾವಿಸ್ ಕಥೆ ಸ್ವಲ್ಪ ಹೇಳಲೇಬೇಕು. ಹುಟ್ಟಿದ್ದು 1959ರಲ್ಲಿ, ಉತ್ತರ ಕೆರೊಲಿನಾದ ಮಾರ್ಷ್‌ವಿಲ್ ಅನ್ನೋ ಸಣ್ಣ ಊರಲ್ಲಿ. ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಬಂದು ಒಂದು ಕ್ಲಬ್ಬಿನಲ್ಲಿ ಮೀನು ಕರೀತಾ, ಪಾತ್ರೆ ತೊಳೀತಾ, ನಡುವೆ ಸ್ಟೇಜ್ ಹತ್ತಿ ಹಾಡ್ತಾ ಇದ್ದರು. ರೆಕಾರ್ಡ್ ಕಂಪನಿಗಳು ಬಾಗಿಲು ಹಾಕಿದವು. ಕಾರಣ ಏನು ಗೊತ್ತಾ? ದನಿ ತೀರಾ ಹಳ್ಳಿ ಥರ ಇದೆ ಅಂತ! ಆಗ ಕಂಟ್ರಿ ಸಂಗೀತವೇ ಪೇಟೆಯ ಪಾಪ್ ಕಡೆ ವಾಲಿತ್ತು. (ಬೆಂಗಳೂರಲ್ಲಿ ನನ್ನ ಮೊದಲ ಇಂಟರ್‌ವ್ಯೂನಲ್ಲಿ ನನ್ನ ಇಂಗ್ಲಿಷ್ ಕೇಳಿ ಇಬ್ಬರು ಮುಖ ಮುಖ ನೋಡ್ಕೊಂಡಿದ್ದು ನೆನಪಾಗುತ್ತೆ. ಇರಲಿ.) ಕೊನೆಗೆ ವಾರ್ನರ್ ಕಂಪನಿ ಒಪ್ಪಿತು. ‘ಆನ್ ದಿ ಅದರ್ ಹ್ಯಾಂಡ್’ ಹಾಡು 1985ರಲ್ಲಿ ಬಂದಾಗ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಮಾರನೇ ವರ್ಷ ಅದನ್ನೇ ಮತ್ತೆ ಬಿಟ್ಟರು, ನಂಬರ್ ಒಂದಾಯ್ತು. ಹಾಡು ಅದೇ, ದನಿ ಅದೇ, ಒಂದಕ್ಷರ ಬದಲಾಗಿರಲಿಲ್ಲ. 1986ರ ‘ಸ್ಟಾರ್ಮ್ಸ್ ಆಫ್ ಲೈಫ್’ 30 ಲಕ್ಷ ದಾಟಿ ಮಾರಾಟವಾಯ್ತು, 1987ರ ‘ಆಲ್ವೇಸ್ ಅಂಡ್ ಫಾರೆವರ್’ 50 ಲಕ್ಷ. ಒಟ್ಟು 16 ಹಾಡು ನಂಬರ್ ಒಂದು. ಅವರ ಬಹುಪಾಲು ರೆಕಾರ್ಡುಗಳ ಹಿಂದೆ ಇದ್ದ ನಿರ್ಮಾಪಕ ಕೈಲ್ ಲೆನಿಂಗ್. ಈ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

2013ರ ಜುಲೈನಲ್ಲಿ ಟ್ರಾವಿಸ್ ಹೃದಯದ ಕಾಯಿಲೆಯಿಂದ ಟೆಕ್ಸಸ್‌ನಲ್ಲಿ ಆಸ್ಪತ್ರೆ ಸೇರಿದರು. ಅಲ್ಲೇ ಮೆದುಳಿಗೆ ಸ್ಟ್ರೋಕ್ ಆಯ್ತು. ಬದುಕಿದ್ದೇ ಹೆಚ್ಚು. ನಡೆಯೋದನ್ನ ಮತ್ತೆ ಕಲಿತರು. ಮಾತು ಮಾತ್ರ ಬರಲಿಲ್ಲ. ಇದಕ್ಕೆ ವೈದ್ಯರು ಅಫೇಸಿಯಾ ಅಂತಾರೆ. ಗಂಟಲಿಗೇನೂ ಆಗಿರಲ್ಲ, ಬುದ್ಧಿಯೂ ಇರುತ್ತೆ, ಹೇಳಬೇಕಾದ್ದೂ ಒಳಗೆ ಇರುತ್ತೆ. ಪದ ಹುಡುಕಿ ತಂದು ಬಾಯಿಗೆ ಕೊಡೋ ದಾರಿ ಕಡಿದುಹೋಗಿರುತ್ತೆ. ವಿಚಿತ್ರ ಏನಂದ್ರೆ ಇಂಥ ಕೆಲವರಿಗೆ ಮಾತಾಡೋಕಾಗದಿದ್ರೂ ಹಳೇ ಹಾಡೋ ಪ್ರಾರ್ಥನೆಯೋ ಬಾಯಿಗೆ ಬರುತ್ತೆ. 2016ರಲ್ಲಿ ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್‌ಗೆ ಅವರನ್ನ ಸೇರಿಸ್ಕೊಂಡ ದಿನ ಟ್ರಾವಿಸ್ ‘ಅಮೇಜಿಂಗ್ ಗ್ರೇಸ್’ ಹಾಡಿದರು, ಒಡೆದ ದನಿಯಲ್ಲಿ, ನಿಧಾನಕ್ಕೆ. ಆಮೇಲೆ ಅವರ ಹಳೇ ಬ್ಯಾಂಡು ಜೇಮ್ಸ್ ಡುಪ್ರೆ ಅನ್ನೋ ಗಾಯಕನನ್ನ ಮುಂದಿಟ್ಕೊಂಡು ಊರೂರು ಸುತ್ತಿತು. ಟ್ರಾವಿಸ್ ಜೊತೆಗೆ ಹೋಗೋರು, ವೇದಿಕೆ ಮೇಲೆ ಕೂರೋರು. ‘ಫಾರೆವರ್ ಅಂಡ್ ಎವರ್, ಆಮೆನ್’ ಹಾಡನ್ನ ಡುಪ್ರೆ ಹಾಡೋರು. ಕೊನೇ ಪದ ‘ಆಮೆನ್’ ಮಾತ್ರ ಟ್ರಾವಿಸ್ ತಾವೇ ಹೇಳೋರು. ಆ ವಿಡಿಯೋ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಜನ ಎದ್ದು ನಿಲ್ಲೋದು ಆ ಒಂದು ಪದಕ್ಕೆ.

ಈಗ ವಿಷಯಕ್ಕೆ ಬರ್ತೀನಿ. 2024ರ ಮೇ 3ರಂದು ಟ್ರಾವಿಸ್ ಅವರ ಹೊಸ ಹಾಡು ಬಂತು, ‘ವೇರ್ ದಟ್ ಕೇಮ್ ಫ್ರಮ್’. ಮಾತೇ ಆಡಲಾಗದ ಮನುಷ್ಯ ಹಾಡಿದ್ದು ಹೇಗೆ? 1985ರಿಂದ 2013ರವರೆಗೆ ಅವರು ಹಾಡಿದ್ದರಲ್ಲಿ 42 ಹಾಡು ಆರಿಸಿ, ವಾದ್ಯಗಳಿಂದ ಬೇರ್ಪಡಿಸಿದ ಬರೀ ದನಿಯನ್ನ ತಗೊಂಡು ಕೃತಕ ಬುದ್ಧಿಮತ್ತೆಯ ಒಂದು ಮಾಡೆಲ್ಲಿಗೆ ಕಲಿಸಿದರು. ಹೊಸ ಹಾಡನ್ನ ಮೊದಲು ಡುಪ್ರೆ ಹಾಡಿದರು. ಆ ಹಾಡಿಕೆ ಮೇಲೆ ಟ್ರಾವಿಸ್ ದನಿ ಕೂರಿಸಿದರು. ಕೂತು ತಿದ್ದಿದ್ದು ಅದೇ ಕೈಲ್ ಲೆನಿಂಗ್. ಎಲ್ಲಿ ಉಸಿರು ತಗೋತಿದ್ದರು, ಎಲ್ಲಿ ಎಳೀತಿದ್ದರು ಅನ್ನೋದು ಅವರಿಗೆ ಬಾಯಿಪಾಠ.

ಈ ಥರದ ಮಾಡೆಲ್ ತಾನಾಗೇ ಹಾಡೋಲ್ಲ ಅನ್ನೋದನ್ನ ಜನ ಗಮನಿಸಲ್ಲ. ಪದ, ರಾಗ, ತಾಳ, ಉಸಿರು ಎಲ್ಲಾ ಮೂಲದಲ್ಲಿ ಹಾಡಿದವನದು. ಮಾಡೆಲ್ ಬದಲಾಯಿಸೋದು ದನಿಯ ಬಣ್ಣವನ್ನ. ಹೋಳಿಗೆ ಲೆಕ್ಕದಲ್ಲಿ ಹೇಳೋದಾದ್ರೆ ಹೂರಣ ಒಬ್ಬರದು, ಕಣಕ ಇನ್ನೊಬ್ಬರದು. ಹಾಗಾದರೆ ಇದನ್ನ ಯಾರ ಮನೆ ಹೋಳಿಗೆ ಅನ್ನೋಣ?

ಹಾಡು ಮೊದಲ ಸಲ ಕೇಳಿದಾಗ ನನಗೆ ಮೈ ಜುಂ ಅಂತು, ಸುಳ್ಳು ಯಾಕೆ ಹೇಳ್ಲಿ. ಎರಡನೇ ಸಲ ಕೇಳುವಾಗ ಏನೋ ಚುಚ್ಚಿತು. ನಾವು ಸಾಫ್ಟ್‌ವೇರ್‌ನವರು ದಿನಾ ಬಳಸೋ ಎರಡು ಪದ ಇದಾವೆ, ಇನ್‌ಪುಟ್ ಮತ್ತು ಔಟ್‌ಪುಟ್. ಆ 42 ಹಾಡು ಒಬ್ಬ ಮನುಷ್ಯನ ಔಟ್‌ಪುಟ್. ಪ್ರತಿಯೊಂದನ್ನೂ ಆತ ಒಪ್ಪಿ ಹಾಡಿದ್ದು. ಬೇಡ ಅನ್ನಬಹುದಿತ್ತು, ಇನ್ನೊಂದು ಟೇಕ್ ಮಾಡೋಣ ಅನ್ನಬಹುದಿತ್ತು. ಈಗ ಆ ಔಟ್‌ಪುಟ್ಟೇ ಇನ್‌ಪುಟ್ ಆಗಿದೆ. 42 ಸಲ ಹೂಂ ಅಂದವನು 43ನೇದಕ್ಕೂ ಹೂಂ ಅಂದಿದ್ದಾನೆ ಅಂತ ಲೆಕ್ಕ ಹಾಕಬಹುದಾ?

ಇದಕ್ಕೆ ಬರೋ ಮೊದಲ ಉತ್ತರ ನನಗೂ ಗೊತ್ತು. ಸ್ಟುಡಿಯೋದಲ್ಲಿ ಶುದ್ಧ ದನಿ ಅನ್ನೋದು ಯಾವತ್ತಿದ್ದರೂ ಕಥೆಯೇ. ಬೇರೆ ಬೇರೆ ಟೇಕ್‌ಗಳಿಂದ ಸಾಲು ಕತ್ತರಿಸಿ ಅಂಟಿಸ್ತಾರೆ, ಶ್ರುತಿ ತಿದ್ದುತ್ತಾರೆ. ಇದು ಅದರ ಮುಂದಿನ ಹೆಜ್ಜೆ ಅಷ್ಟೇ ಅಂತಾರೆ. ಎರಡನೇ ಉತ್ತರ ಇನ್ನೂ ಗಟ್ಟಿ. ಅಪಘಾತದಲ್ಲಿ ಕಾಲು ಕಳ್ಕೊಂಡ ಸುಧಾ ಚಂದ್ರನ್ ಜೈಪುರ ಕಾಲು ಹಾಕ್ಕೊಂಡು ಭರತನಾಟ್ಯ ಮಾಡಿದರು. ಕುಣಿದದ್ದು ರಬ್ಬರಿನ ಕಾಲು ಅಂತ ಯಾರಾದರೂ ಅಂದರಾ? ಮಾತು ಹೋದವನಿಗೆ ಮಾಡೆಲ್ಲೇ ಜೈಪುರ ಕಾಲು ಅಂದರೆ ತಪ್ಪೇನು?

ಈ ಹೋಲಿಕೆ ನನ್ನನ್ನ ಬಹಳ ದಿನ ಒಪ್ಪಿಸಿಬಿಟ್ಟಿತ್ತು. ಆಮೇಲೆ ಒಂದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೀತು, ಇಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಜೈಪುರ ಕಾಲನ್ನ ಎತ್ತಿ ಇಡುತ್ತಿದ್ದದ್ದು ಸುಧಾ ಅವರೇ. ತಾಳ ಅವರದು, ನೋವೂ ಅವರದೇ. ಈ ಹಾಡಲ್ಲಿ ಹೆಜ್ಜೆ ಇಟ್ಟದ್ದು ಡುಪ್ರೆ, ಅವರ ಕಾಲಿಗೆ ತೊಡಿಸಿದ್ದು ಟ್ರಾವಿಸ್‌ರನ್ನ. ಇದು ಟ್ರಾವಿಸ್‌ಗೆ ಸಿಕ್ಕ ಕೃತಕ ಕಾಲಲ್ಲ, ಟ್ರಾವಿಸ್ಸೇ ಇಲ್ಲಿ ಕೃತಕ ಕಾಲು.

ಆದರೂ ನಾನು ಆ ಹಾಡನ್ನ ತಪ್ಪು ಅನ್ನಲ್ಲ. ಟ್ರಾವಿಸ್ ಬದುಕಿದ್ದಾರೆ. ಕೆಲಸ ನಡೆಯೋವಾಗ ಗಂಡ ಹೆಂಡತಿ ಇಬ್ಬರೂ ಜೊತೆಗಿದ್ದರು. ಹಾಡು ಕೇಳುವಾಗ ಅವರ ಮುಖದಲ್ಲಿ ಏನಾಯ್ತು ಅನ್ನೋದು ವಿಡಿಯೋದಲ್ಲಿದೆ. ಅದನ್ನ ನೋಡಿ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಹೇಗೆ ಮಾಡಿದ್ದು ಅನ್ನೋದನ್ನೂ ಕಂಪನಿ ಮುಚ್ಚಿಡಲಿಲ್ಲ.

ಸತ್ತವರ ಮಾತು ಬೇರೆ. ಅದೇ ವರ್ಷ ಜನವರಿಯಲ್ಲಿ ಎ.ಆರ್. ರಹಮಾನ್ ‘ಲಾಲ್ ಸಲಾಂ’ ಸಿನಿಮಾದ ಒಂದು ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದರು. ಮನೆಯವರ ಅನುಮತಿ ಪಡೆದು, ದುಡ್ಡೂ ಕೊಟ್ಟಿದ್ದೀವಿ ಅಂದರು. ನಮ್ಮಲ್ಲೇ 2022ರಲ್ಲಿ ‘ಜೇಮ್ಸ್’ ಬಂದಾಗ ಅಪ್ಪು ಪಾತ್ರಕ್ಕೆ ದನಿ ಕೊಟ್ಟದ್ದು ಶಿವಣ್ಣ. ಕೆಲವು ವಾರದ ನಂತರ ತಂತ್ರಜ್ಞಾನದ ನೆರವಿನಿಂದ ಅಪ್ಪು ದನಿಯಲ್ಲೇ ಅದು ಮತ್ತೆ ತೆರೆಗೆ ಬಂತು. ನಾನು ಎರಡೂ ನೋಡಿದೆ. ಎರಡನೇದು ಇಷ್ಟ ಆಗಬೇಕಿತ್ತು. ನನ್ನನ್ನ ಅಳಿಸಿದ್ದು ಮಾತ್ರ ಮೊದಲನೇದು. ತಮ್ಮ ಇಲ್ಲ ಅನ್ನೋದನ್ನ ಅಣ್ಣನ ದನಿ ಬಚ್ಚಿಡಲಿಲ್ಲವಲ್ಲ, ಅದಕ್ಕೇ ಇರಬೇಕು.

ಕಾನೂನು ಇದನ್ನೆಲ್ಲ ಆಸ್ತಿ ಲೆಕ್ಕದಲ್ಲಿ ನೋಡುತ್ತೆ. ನ್ಯಾಶ್‌ವಿಲ್ ಇರೋ ಟೆನೆಸಿ ರಾಜ್ಯ 2024ರ ಮಾರ್ಚಿನಲ್ಲಿ ‘ಎಲ್ವಿಸ್ ಕಾಯ್ದೆ’ ತಂತು. ಅಪ್ಪಣೆಯಿಲ್ಲದೆ ಒಬ್ಬರ ದನಿಯನ್ನ ಕೃತಕವಾಗಿ ಸೃಷ್ಟಿಸೋದು ಅಲ್ಲಿ ಈಗ ತಪ್ಪು. ಒಳ್ಳೇದೇ. ಹೊಲದಂಗೆ ದನಿಗೂ ಒಂದು ಪಹಣಿ, ಒಬ್ಬ ವಾರಸುದಾರ. ಕಳ್ಳರನ್ನ ತಡೆಯೋಕೆ ಇದು ಸಾಕು. ಪ್ರೀತಿಯಿಂದ ಮಾಡೋರನ್ನ ಏನು ಮಾಡೋದು? ನನ್ನ ತೊಂದರೆ ಇರೋದು ಅಲ್ಲಿ.

ನಮ್ಮೂರು ಅರಸೀಕೆರೆ ಕಡೆ. ಅಪ್ಪನಿಗೆ ತೆಂಗಿನ ತೋಟ, ನಾಲ್ಕು ಊರಿಗೆ ಕೇಳೋ ಗಂಟಲು. 2021ರಲ್ಲಿ ಲಕ್ವ ಹೊಡೆದು ಬಲಗೈ ಹೋಯ್ತು, ಮಾತು ಹೋಯ್ತು. ಉಳಿದಿದ್ದು ಒಂದೇ ಪದ, ‘ಅದೇಯಾ’. ಊಟ ಬೇಕಾ ಅಂದ್ರೂ ಅದೇಯಾ, ಬೇಡ್ವಾ ಅಂದ್ರೂ ಅದೇಯಾ. ಸಿಟ್ಟು ಬಂದಾಗ ಜೋರಾಗಿ, ಮೊಮ್ಮಕ್ಕಳು ಬಂದಾಗ ಮೆತ್ತಗೆ. ಅವ್ವನಿಗೆ ಅದರಲ್ಲಿ ಹತ್ತಿಪ್ಪತ್ತು ಅರ್ಥ ಗೊತ್ತು. ನನಗೆ ಮೂರೋ ನಾಲ್ಕೋ.

ಅಪ್ಪನ ಹಳೇ ಮೊಬೈಲಿನಲ್ಲಿ ಪ್ರತಿ ಕಾಲೂ ತಾನಾಗೇ ರೆಕಾರ್ಡ್ ಆಗ್ತಿತ್ತು. ಯಾರು ಆನ್ ಮಾಡಿಟ್ಟಿದ್ದರೋ ಗೊತ್ತಿಲ್ಲ. 600 ಚಿಲ್ಲರೆ ಫೈಲು. ಕೊಬ್ಬರಿ ರೇಟು, ಬೋರ್‌ವೆಲ್ ಮೋಟರು ಸುಟ್ಟಿದ್ದು, ‘ಉಂಡೇನ್ಲಾ ಮಗ’ ಅಂತ ನನ್ನನ್ನ ಕೇಳಿದ್ದು. ಇದು ನಮ್ಮಪ್ಪನ ಔಟ್‌ಪುಟ್. ಇದರ ಬಗ್ಗೆ ಅಕ್ಕನಿಗೆ ಹೇಳಿದ್ದು ನಾನೇ.

ಕಳೆದ ವರ್ಷ ಅಕ್ಕನ ಮಗಳ ಮದುವೆ ಗೊತ್ತಾಯ್ತು. ಅಕ್ಕ ಫೋನ್ ಮಾಡಿ, ‘ಲೋ ಪುಟ್ಟ, ನೀನು ಅದೇನೋ ಮಾಡ್ತೀಯಲ್ಲ ಕಂಪ್ಯೂಟರಲ್ಲಿ, ಅಪ್ಪನ ದನೀಲಿ ಎಲ್ಲರನ್ನೂ ಮದುವೆಗೆ ಕರೆದಂಗೆ ಒಂದು ಮಾಡ್ಕೊಡು. ವಾಟ್ಸ್ಯಾಪಲ್ಲಿ ಕಳಿಸ್ತೀನಿ’ ಅಂದ್ಲು. ‘ಅಪ್ಪ ಕರೀಬೇಕು ಕಣೋ, ಇಲ್ದಿದ್ರೆ ನನಗೆ ತವರಿಲ್ಲ ಅನ್ನಿಸುತ್ತೆ’ ಅಂದ್ಲು. ಇದಕ್ಕೆ ಏನು ಹೇಳ್ತೀರ?

ಒಂದು ಶನಿವಾರ, ಅರ್ಧ ಭಾನುವಾರ ಸಾಕಾಯ್ತು. ನಾನು ಓದಿದೆ, ಅಪ್ಪನ ದನಿಯಾಗಿ ಬಂತು. ನಾನು ಇಲ್ಲಿ ಡುಪ್ರೆ. ಫೋನಿನ ಕರಕರ ಸಮೇತ ಅಪ್ಪನೇ. ‘ಎಲ್ಲಾ ಮನೆಮಂದಿ ಸಮೇತ ಎರಡು ದಿನ ಮುಂಚೆನೇ ಬರ್ಬೇಕು’ ಅಂತ ಅಪ್ಪ ಕರೀತಾ ಇದ್ದ. ಒಂದು ಕಡೆ ಮಾತ್ರ ನನಗೆ ಗೊತ್ತಿತ್ತು, ಇದು ಅಪ್ಪ ಅಲ್ಲ. ಅಪ್ಪನಿಗೂ ಚಿಕ್ಕಪ್ಪನಿಗೂ ಬದುವಿನ ಜಗಳ, ಹತ್ತು ವರ್ಷದಿಂದ ಮಾತಿಲ್ಲ. ಈ ದನಿ ಚಿಕ್ಕಪ್ಪನನ್ನೂ ಹೆಸರು ಹಿಡಿದು ಕರೀತಿತ್ತು. ಅಕ್ಕ ಬರೆದುಕೊಟ್ಟ ಪಟ್ಟಿಯಲ್ಲಿ ಆ ಹೆಸರಿತ್ತು.

ಊರಿಗೆ ಹೋಗಿ ಜಗಲಿ ಮೇಲೆ ಕೂತು ಅಪ್ಪನಿಗೆ ಕೇಳಿಸಿದೆ. ಅವ್ವ ಬಾಗಿಲ ಹತ್ತಿರ ನಿಂತಿದ್ದಳು, ಅರ್ಧಕ್ಕೇ ಒಳಗೆ ಹೋದಳು. ಅಪ್ಪ ಪೂರ್ತಿ ಕೇಳಿದ. ಲ್ಯಾಪ್‌ಟಾಪನ್ನ ಒಂದು ಸಲ ನೋಡಿದ, ನನ್ನನ್ನ ಒಂದು ಸಲ. ‘ಇದನ್ನ ಕಳಿಸ್ಲಾ ಅಪ್ಪ?’ ಅಂದೆ.

‘ಅದೇಯಾ’ ಅಂದ.

ಜೋರಾಗೂ ಇರಲಿಲ್ಲ, ಮೆತ್ತಗೂ ಇರಲಿಲ್ಲ. ಅವ್ವನ್ನ ಕರೆದು ಕೇಳಿದೆ. ‘ನಂಗೂ ಗೊತ್ತಾಗ್ಲಿಲ್ಲ ಹೋಗಪ್ಪ’ ಅಂದಳು. ಟ್ರಾವಿಸ್ ಮುಖ ನೋಡಿ ಅಷ್ಟು ಸುಲಭವಾಗಿ ಒಪ್ಪಿಗೆ ಓದಿದವನು ನಾನು. ನಮ್ಮಪ್ಪನ ಮುಖದಲ್ಲಿ ನನಗೆ ಏನೂ ಓದೋಕಾಗಲಿಲ್ಲ. ಅಥವಾ ನ್ಯಾಶ್‌ವಿಲ್‌ನ ಮುಖದಲ್ಲಿ ಓದಿದ್ದೂ ನನಗೆ ಬೇಕಾದ್ದನ್ನೇ ಇರಬಹುದು.

ಕಳಿಸಲಿಲ್ಲ. ಅಕ್ಕ ಮದುವೆ ಮುಗಿಯೋವರೆಗೂ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ, ಅವಳದು ತಪ್ಪು ಅಂತಲೂ ನನಗೆ ಅನ್ನಿಸಲ್ಲ. ಚಿಕ್ಕಪ್ಪ ಕಾರ್ಡು ನೋಡಿಯೇ ಬಂದ, ಅಪ್ಪನ ಪಕ್ಕದ ಕುರ್ಚಿ ಬಿಟ್ಟು ಅದರಾಚೆ ಕೂತ.

ಫೈಲು ಲ್ಯಾಪ್‌ಟಾಪಲ್ಲಿ ಇನ್ನೂ ಇದೆ. ಹೋದ ತಿಂಗಳು ಊರಲ್ಲಿ ಲ್ಯಾಪ್‌ಟಾಪ್ ತೆಗೆದಾಗ ಅಪ್ಪ ಎಡಗೈ ಎತ್ತಿ ಅದರ ಕಡೆ ತೋರಿಸಿದ. ಆ ದನಿ ಕೇಳಬೇಕಿತ್ತಾ, ಕ್ರಿಕೆಟ್ ನೋಡಬೇಕಿತ್ತಾ ತಿಳೀಲಿಲ್ಲ. ಮ್ಯಾಚ್ ಹಾಕಿದೆ. ‘ಅದೇಯಾ’ ಅಂತ ದಿಂಬಿಗೆ ಒರಗಿದ.